ರಾಹುಕಾಲ ತಪ್ಪಿಸಿದ ಬಿಲ್ಲು

2023ರಲ್ಲಿ ನಾನು ಕೊಪ್ಪಳದಲ್ಲಿ ಸಣ್ಣದೊಂದು ಕಚೇರಿ ಇಟ್ಟುಕೊಂಡು ಸುತ್ತಲಿನ ಅಕ್ಕಿ ಗಿರಣಿಗಳ ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಬೋರ್ಡಿನ ಮೇಲೆ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್ ಎಂದಿತ್ತು. ನಿಜವಾದ ಕೆಲಸವೆಂದರೆ, ಬೇರೆಯವರು ಕೆಡಿಸಿದ್ದನ್ನು ಸರಿಮಾಡಿ, ಕೆಡಿಸಿದವರಿಂದಲೇ ಬುದ್ಧಿವಾದ ಹೇಳಿಸಿಕೊಳ್ಳುವುದು. ದಡ್ಡತನವನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಪಟ್ಟಣದ ದಡ್ಡತನ ಮತ್ತು ಊರಿನ ದಡ್ಡತನ ಕೈಕೈ ಹಿಡಿದು ಒಬ್ಬ ಬಡಪಾಯಿಯ ಮೇಲೆ ಬಿದ್ದದ್ದನ್ನು ನೋಡಿದ್ದು ಗಂಗಾವತಿಯ ಆ ಗಿರಣಿಯಲ್ಲಿ.

ಗಿರಣಿಯ ಮಾಲೀಕ ವೀರಭದ್ರಪ್ಪ ಸಾಹುಕಾರರು ಆ ವರ್ಷ ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಯೊಂದಕ್ಕೆ ಸೋನಾ ಮಸೂರಿ ಕಳಿಸುವ ಒಪ್ಪಂದ ಹಿಡಿದಿದ್ದರು. ಕಂಪನಿಯದು ಒಂದೇ ಷರತ್ತು: ಇಡಿಐ ಬೇಕು. ಇಡಿಐ ಎಂದರೆ ಎರಡು ಸಂಸ್ಥೆಗಳ ಕಂಪ್ಯೂಟರುಗಳು ಒಂದು ಗೊತ್ತಾದ ನಮೂನೆಯಲ್ಲಿ, ನಡುವೆ ಮನುಷ್ಯರಿಲ್ಲದೆ, ಪರಸ್ಪರ ಕಳಿಸಿಕೊಳ್ಳುವ ಫೈಲು. ಗಿರಣಿಯ ಡೇಟಾಬೇಸ್‌ನಲ್ಲಿ ಬಿಲ್ಲು ಒಂದು ಟೇಬಲ್‌ನಲ್ಲಿ, ಸರಕು ಇನ್ನೊಂದರಲ್ಲಿ, ಲಾರಿಯ ತೂಕ ಮತ್ತೊಂದರಲ್ಲಿ ಇರುತ್ತವೆ. ಬಿಲ್ ನಂಬರು ಹಿಡಿದು ಅವನ್ನು ಜೋಡಿಸಿ, ಇಂಥ ಲಾರಿಯಲ್ಲಿ ಇಷ್ಟು ಚೀಲ ಬರುತ್ತಿವೆ ಎಂದು ಮೊದಲೇ ತಿಳಿಸುವ ಫೈಲು ಹೊರಡಿಸಬೇಕು. ಕಂಪನಿಯ ಗೋದಾಮಿನ ಗೇಟಿಗೆ ಬಂದ ಲಾರಿಯ ನಂಬರು ಫೈಲಿನಲ್ಲಿ ಇಲ್ಲದಿದ್ದರೆ ಗೇಟು ತೆರೆಯುವುದಿಲ್ಲ.

ಫೈಲು ಹೊರಡಿಸುವ ಪ್ರೋಗ್ರಾಮನ್ನು ನನ್ನಿಂದ ಬರೆಸಲಿಲ್ಲ. ಕೊಪ್ಪಳದವನಿಗೆ ಇಡಿಐ ಏನು ಗೊತ್ತು ಎಂದು ಪಟ್ಟಣದಿಂದ ಕನ್ಸಲ್ಟಂಟ್ ಒಬ್ಬನನ್ನು ಕರೆಸಿದರು. ಆತ ಎರಡು ದಿನ ಎಸಿ ರೂಮಿನಲ್ಲಿ ಕುಳಿತು, ಬಣ್ಣಬಣ್ಣದ ಸ್ಲೈಡು ತೋರಿಸಿ, ಗಿರಣಿಯ ಅಂಗಳಕ್ಕೆ ಒಮ್ಮೆಯೂ ಕಾಲಿಡದೆ ಹೊರಟುಹೋದ. ತೌಡಿನ ಧೂಳು ಬೂಟಿಗೆ ಹತ್ತೀತೆಂಬ ಭಯವಿರಬೇಕು. ಬಿಲ್ ಸೇವ್ ಆದ ಕ್ಷಣವೇ ಫೈಲು ಹೋಗುವಂತೆ ಮಾಡಿದ್ದ. ಬಿಲ್ ಆಯಿತೆಂದರೆ ಲಾರಿ ತುಂಬಿದೆ ಎಂದೇ ಅರ್ಥ ಎಂದು ಅವನಿಗೆ ಯಾರೂ ಹೇಳಿರಲಿಲ್ಲ, ಅವನೇ ಹೇಳಿಕೊಂಡಿದ್ದ.

ಕೆಲವೇ ವಾರಗಳಲ್ಲಿ ಲಾರಿಗಳು ವಾಪಸ್ ಬರತೊಡಗಿದವು. ಫೈಲಿನಲ್ಲಿ ಒಂದು ನಂಬರು, ಗೇಟಿನಲ್ಲಿ ನಿಂತ ಲಾರಿಯದು ಬೇರೆ ನಂಬರು. ಇನ್ನೊಮ್ಮೆ ಹೀಗಾದರೆ ಖರೀದಿ ಬಂದ್ ಎಂದು ಕಂಪನಿ ಎಚ್ಚರಿಸಿತು. ಕನ್ಸಲ್ಟಂಟ್ ಕುಳಿತಲ್ಲಿಂದಲೇ ಮೂರು ಪದಗಳ ತೀರ್ಪು ಕೊಟ್ಟ: ಡೇಟಾ ಎಂಟ್ರಿ ಎರರ್. ಸಾಹುಕಾರರು ಅದನ್ನು ಎರಡೂ ಕೈಯಿಂದ ಬಾಚಿಕೊಂಡು, ನಮ್ಮ ಕ್ಲರ್ಕ್ ರೇಣುಕಾ ಎಂಬಾಕೆಯ ತಪ್ಪು ಎಂದು ಹೆಸರು ಸಮೇತ ಕಂಪನಿಗೆ ಮೇಲ್ ಕಳಿಸಿದರು.

ರೇಣುಕಾ ನವಲಿಯಿಂದ ದಿನವೂ ಬಸ್ಸಿಗೆ ಬರುತ್ತಿದ್ದ ಹೆಣ್ಣುಮಗಳು. ಗಂಡ ಬೆನ್ನು ನೋಯಿಸಿಕೊಂಡು ಗದ್ದೆ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದುದು ಇವಳ ಸಂಬಳದಿಂದ. ಇನ್ನೊಂದು ಲಾರಿ ವಾಪಸ್ ಬಂದರೆ ಕೆಲಸದಿಂದ ತೆಗೆಯುತ್ತೇನೆಂದು ಸಾಹುಕಾರರು ಎಲ್ಲರೆದುರೇ ಹೇಳಿದ್ದರು. ಹಾಗೆ ಹೊರಬಿದ್ದವಳನ್ನು ಊರಿನ ಬೇರೆ ಯಾವ ಗಿರಣಿಯೂ ಲೆಕ್ಕಕ್ಕೆ ಕೂರಿಸುವುದಿಲ್ಲ.

ಖರೀದಿ ನಿಂತೀತೆಂಬ ಭಯಕ್ಕೆ ಸಾಹುಕಾರರು ಆಗ ನನ್ನನ್ನು ಕರೆದರು. ಒಂದು ಗುರುವಾರ ಹೋಗಿ, ವಾಪಸಾದ ಲಾರಿಗಳ ಬಿಲ್ಲನ್ನೂ, ಲಾರಿ ಒಳಬರುವಾಗಲೂ ಹೊರಡುವಾಗಲೂ ತೂಗುವ ಕಾಟಾದ ತೂಕವನ್ನೂ ಜೋಡಿಸಿ ಡೇಟಾಬೇಸ್‌ಗೆ ಒಂದು ಕ್ವೆರಿ, ಅಂದರೆ ಪ್ರಶ್ನೆ, ಹಾಕಿದೆ. ಎಲ್ಲವೂ ಸೋಮವಾರ ಇಲ್ಲವೆ ಶನಿವಾರದವು. ಬಿಲ್ ಆದ ವೇಳೆಗೆ ಲಾರಿ ಇನ್ನೂ ಗಿರಣಿಯೊಳಗೇ ಬಂದಿರಲಿಲ್ಲ. ಆಮೇಲೆ ಲಾರಿ ನಂಬರು ತಿದ್ದಿದ್ದರು; ತಿದ್ದುವಷ್ಟರಲ್ಲಿ ಫೈಲು ಹೋಗಿಯಾಗಿತ್ತು.

"ಲಾರಿ ಬರೋದಕ್ಕ ಮೊದಲ ಬಿಲ್ ಯಾಕ ಹರದಿ, ತಂಗಿ?" ಎಂದು ಕೇಳಿದೆ.

ರೇಣುಕಾ ಸಾಹುಕಾರರ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ರಾಹುಕಾಲ ಬರೂದ್ರಾಗ ದಿನದ ಮೊದಲನೇ ಬಿಲ್ ಆಗಬೇಕಂತಾರ್ರೀ ಸಾವ್ಕಾರ್ರು. ಲಾರಿ ನಂಬರ್ ಇಲ್ದ ಕಂಪ್ಯೂಟರ್ ತಗೋಳೂದಿಲ್ರಿ. ಹಿಂದಿನ ಲಾರೀದ ಹಾಕು, ಆಮ್ಯಾಲ ತಿದ್ದು ಅಂತ ಅವ್ರ ಹೇಳ್ಯಾರ್ರಿ."

ಸೋಮವಾರ ರಾಹುಕಾಲ ಏಳೂವರೆಗೆ, ಶನಿವಾರ ಒಂಬತ್ತಕ್ಕೆ. ಲಾರಿಗಳು ತುಂಬಿ ಹೊರಡುವುದು ಹತ್ತರ ಸುಮಾರಿಗೆ. ಉಳಿದ ದಿನ ರಾಹುಕಾಲ ಲಾರಿ ಹೊರಟ ಮೇಲೆ ಬರುತ್ತದೆ, ಆದ್ದರಿಂದ ತೊಂದರೆಯಿಲ್ಲ. ರಾಹುಕಾಲ ನೋಡುವವರ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಮನೆಯಲ್ಲೂ ನೋಡುತ್ತಾರೆ. ಸಿಟ್ಟು ಬಂದದ್ದು, ತಾನೇ ಮಾಡಿಸಿ, ಮಾಡಿದವಳ ಹೆಸರನ್ನು ಊರಾಚೆ ಬರೆದು ಕಳಿಸಿದ ಆ ಭಂಡ ಧೈರ್ಯಕ್ಕೆ.

ಕೋಣೆಯೊಳಗೆ ಹೋಗಿ ಎಲ್ಲವನ್ನೂ ತೋರಿಸಿದೆ. ಫೋನಿನಲ್ಲಿದ್ದ ಕನ್ಸಲ್ಟಂಟ್, ತನ್ನ ಡಿಸೈನ್ ಜಗತ್ತಿನಲ್ಲೆಲ್ಲ ನಡೆಯುತ್ತದೆ ಎಂದ. ಜಗತ್ತಿನಲ್ಲಿ ಗಂಗಾವತಿಯೂ ಸೇರಿದೆಯೇ ಎಂದು ಕೇಳಿದೆ. ಸಾಹುಕಾರರು ಅಡಿಕೆ ಜಗಿಯುತ್ತ, "ಅದೆಲ್ಲಾ ಇರ್ಲಿ ಬಿಡ್ರಿ, ರಾಹುಕಾಲದ ಮಾತು ಕಂಪನಿಯವ್ರ ಮುಂದ ಹೇಳಿದ್ರ ನಗ್ತಾರ. ಆಕಿ ಹೆಸರು ಹ್ಯಾಂಗೂ ಹೋಗ್ಯದ" ಎಂದರು. ಇಬ್ಬರು ದೊಡ್ಡ ಮನುಷ್ಯರ ಮಾನ ಉಳಿಯಲು ಒಬ್ಬಳ ಹೊಟ್ಟೆಪಾಡು ಸಾಕು ಎಂದು ಲೆಕ್ಕ ಹಾಕಿದ್ದರು. ನನಗೆ ಹೇಸಿಗೆಯಾಯಿತು.

ಮರುದಿನ ಪ್ರೋಗ್ರಾಮ್ ಬದಲಿಸಿದೆ. ಬಿಲ್ಲು ಯಾವಾಗ ಬೇಕಾದರೂ ಆಗಲಿ, ತುಂಬಿದ ಲಾರಿ ಕಾಟಾ ಹತ್ತಿ ತೂಕ ದಾಖಲಾದ ಮೇಲಷ್ಟೇ, ಅಲ್ಲಿನ ನಂಬರು ಹೊತ್ತು ಫೈಲು ಹೋಗಬೇಕು. ಅರ್ಧ ದಿನದ ಕೆಲಸ. ಶನಿವಾರದ ಲಾರಿಗೆ ಗೇಟು ತೆರೆಯಿತು. ಈ ಸುಧಾರಣೆ ತನ್ನ ಎರಡನೇ ಹಂತದ ಯೋಜನೆಯಲ್ಲಿ ಮೊದಲೇ ಇತ್ತೆಂದು ಕನ್ಸಲ್ಟಂಟ್ ಮೇಲ್ ಬರೆದ. ನಾಚಿಕೆ ಎಂಬುದನ್ನು ಅವನ ಕಾಲೇಜಿನಲ್ಲಿ ಕಲಿಸಿರಲಿಲ್ಲ.

ಸೋಮವಾರ ಕಣ್ಣಾರೆ ನೋಡೋಣವೆಂದು ಮೊದಲ ಬಸ್ಸಿಗೇ ಹೋದೆ. ಸಾಹುಕಾರರು ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಖುಷಿಯಲ್ಲಿ ಬಂದರು.

"ರೇಣುಕಾ, ಈ ಸಲ ನಿನ್ನ ಮಾಫ್ ಮಾಡೇನಿ. ಹರಿ ಬಿಲ್."

ರೇಣುಕಾ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. "ನೀವು ಹೇಳಿದ್ದ ಮಾಡಿದ್ದಕ್ಕ ನನಗ್ಯಾಕ್ರಿ ಮಾಫಿ? ಕಂಪನಿಗೆ ನನ್ನ ತಪ್ಪಂತ ಬರದೀರಲ್ಲ, ಅಲ್ಲಂತ ಬರೀರಿ. ಆಮ್ಯಾಲ ಬಿಲ್ ಹರೀತೀನಿ."

"ಟೈಮ್ ಆಗಾಕತ್ತೇತಿ!"

"ಹೌದ್ರಿ, ಆಗಾಕತ್ತೇತಿ."

ಗೋಡೆಯ ಗಡಿಯಾರದಲ್ಲಿ ಏಳೂವರೆಗೆ ಸ್ವಲ್ಪವೇ ಬಾಕಿ. ಅಲ್ಲಿ ಬಿಲ್ ಮಾಡಲು ಗೊತ್ತಿದ್ದವರು ಅವಳು ಮತ್ತು ನಾನು, ಇಬ್ಬರೇ. ಸಾಹುಕಾರರು ನನ್ನತ್ತ ನೋಡಿದರು. ನಾನು ಕಿಟಕಿಯಾಚೆ ಬತ್ತದ ರಾಶಿ ನೋಡಿದೆ.

"ಬರೀರಿ ಸರ್ರ, ಲಗೂ ಬರೀರಿ!" ಎಂದು ತಮ್ಮ ಲ್ಯಾಪ್‌ಟಾಪನ್ನೇ ನನ್ನ ಮುಂದೆ ತಳ್ಳಿದರು. ತಪ್ಪು ಕ್ಲರ್ಕ್ ರೇಣುಕಾ ಅವರದಲ್ಲ, ಮಾಲೀಕನ ಆದೇಶದಂತೆ ಹಾಗೆ ನಮೂದಿಸಿದ್ದು ಎಂದು ಬರೆದೆ. ರೇಣುಕಾ ಎದ್ದು ಬಂದು ನಿಧಾನವಾಗಿ ಓದಿದಳು. ಸಾಹುಕಾರರು ತಮ್ಮ ಬೆರಳಿಂದಲೇ ಕಳಿಸಿದರು. ರಾಹುಕಾಲಕ್ಕೆ ಮುಂಚೆಯೇ ಬಿಲ್ಲೂ ಆಯಿತು.

ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದು ಇದನ್ನೇ. ಯಾವ ಸಾಲನ್ನು ಯಾರು ಟೈಪ್ ಮಾಡಿದರು ಎಂಬುದನ್ನು ಡೇಟಾಬೇಸ್ ತಪ್ಪದೆ ಬರೆದಿಡುತ್ತದೆ. ಯಾರು ಮಾಡಿಸಿದರು ಎಂಬುದಕ್ಕೆ ಅದರಲ್ಲಿ ಕಾಲಂ ಇಲ್ಲ. ಅದನ್ನು ಕುರ್ಚಿ ಬಿಟ್ಟು ಎದ್ದು ಹೋಗಿ ಕೇಳಬೇಕು.