ನಲವತ್ತೊಂದನೇ ನಂಬರಿನ ಪ್ಲೇಟು

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದು ‘ಮೆತ್ತಗಕ್ಕ’ ಎಂದು. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರಿನ ಬಾಗಿಲನ್ನು ಯಾರಾದರೂ ದಬಕ್ಕನೆ ಹಾಕಿದರೆ ಸಾಕು, ಮೂಲೆಯಿಂದ "ಮೆತ್ತಗೆ" ಅನ್ನುವಳು. ಹತ್ತೊಂಬತ್ತು ವರ್ಷ ಜೀವಕೋಶ ಸಾಕಿದ ಕೈ ಅದು. ಹೊಸಬರಿಗೆ ಅವಳ ಪಾಠ ಒಂದೇ: "ಚಳಿ ತಾಗಿದ್ರೆ, ಅಲುಗಾಡಿಸಿದ್ರೆ ಇವಕ್ಕೆ ಗೊತ್ತಾಗತ್ತೆ. ಹತ್ತು ನಿಮಿಷದಲ್ಲಿ ಒಳಗಿರೋ ಕೈನೇಸ್ ಅನ್ನೋ ಪ್ರೋಟೀನ್ ಎದ್ದು ಕೂರತ್ತೆ. ಸ್ವಲ್ಪ ಹೊತ್ತಿನ ಕಷ್ಟ ಆದ್ರೆ ಕೋಶ ಸುಧಾರಿಸ್ಕೊಳ್ಳತ್ತೆ. ಬಿಡದೆ ಕಾಡಿದ್ರೆ ತಾನಾಗೇ ಸಾಯತ್ತೆ." ಮೆಡಲ್ ಹೊಡೆದು ಬಂದವರೂ ಬಾಯಿ ಮುಚ್ಚಿಕೊಂಡು ಕೇಳಬೇಕಿತ್ತು.

ಅವಳ ತಂಗಿ ತೀರಿಕೊಂಡು ಏಳು ತಿಂಗಳಾಗಿತ್ತು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಚೂರನ್ನು ತಂಗಿಯೇ ಸಹಿ ಹಾಕಿ ಲ್ಯಾಬಿಗೆ ಕೊಟ್ಟಿದ್ದಳು. ಅಲ್ಲಿ ಹೆಸರಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದೆಂದು ಲ್ಯಾಬಿನವರಿಗೆ ತಿಳಿಯಕೂಡದು. ಆದರೆ ಸಹಿಯ ಕಾಗದದ ಮೂಲೆಯಲ್ಲಿದ್ದ ನಲವತ್ತೊಂದನ್ನು ಅಕ್ಕ ನೋಡಿಬಿಟ್ಟಿದ್ದಳು. ನೋಡಿದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಳು. ತಂಗಿಯನ್ನು ಕೊಂದದ್ದು ಇವೇ ಕೋಶಗಳು, ನಿಜ. ಆದರೆ ತಂಗಿಯದೆಂದು ಈ ಲೋಕದಲ್ಲಿ ಜೀವಂತ ಉಳಿದದ್ದೂ ಇವಿಷ್ಟೇ. ಸಿಟ್ಟು ಮಾಡಿಕೊಳ್ಳಲು ಅವಳಿಂದಾಗಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನಲವತ್ತೊಂದರ ಕೋಶ ಬೆಳೆಯುತ್ತಿದ್ದ ಪ್ಲೇಟುಗಳನ್ನು ಒಂದೊಂದಾಗಿ ಹೊರತೆಗೆದು, ಅಂಗೈ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಮಕ್ಕಳ ಪರೀಕ್ಷೆ, ಸೋರುವ ನಲ್ಲಿ, ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಊರಿಗೆಲ್ಲ ಪಾಠ ಹೇಳುವವಳಿಗೆ ಅಷ್ಟು ಹೊತ್ತು ತನ್ನ ಪಾಠವೇ ಮರೆತುಹೋಗುತ್ತಿತ್ತು.

ಒಂದು ದಿನ ಲ್ಯಾಬಿನ ಮುಖ್ಯಸ್ಥೆ ಮೇಡಂ ಪ್ರಯೋಗದ ಫಲಿತಾಂಶ ಮೂಡಿದ ಫಿಲ್ಮ್ ಹಿಡಿದು ಬಂದರು.

"ಅಕ್ಕ, ನಲವತ್ತೊಂದು ಕೈಕೊಡ್ತು. ಹೋಲಿಸಿ ನೋಡೋಕೆ ಅಂತ ನಾವು ಬಿಸಿ ಮುಟ್ಟಿಸದೇ ಇಟ್ಟ ಪ್ಲೇಟಲ್ಲೂ ಕೈನೇಸ್ ಎದ್ದಿದೆ. ನಾಲ್ಕು ಸಲ ಮಾಡಿದ್ವಿ, ನಾಲ್ಕು ಸಲವೂ ಹಾಗೇ. ಬೇರೆ ಯಾವ ನಂಬರೂ ಹೀಗಿಲ್ಲ. ಎಸೆದುಬಿಡಿ."

ಅಕ್ಕನಿಗೆ ಆಗ ಹೊಳೆಯಿತು: ತನ್ನ ಕೈಯಲ್ಲಿ ಅವು ದಿನಾ ನಡುಗಿದ್ದವು.

"ಅವುಗಳ ತಪ್ಪಿಲ್ಲ ಮೇಡಂ. ನಾನೇ ದಿನಾ ಹೊರಗೆ ತೆಗೀತಿದ್ದೆ. ಅದು ನನ್ನ ತಂಗಿ. ಇನ್ಮೇಲೆ ಮುಟ್ಟಲ್ಲ, ಇಟ್ಕೊಳ್ಳಿ."

ಮೇಡಂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಯಾರದು ಅಂತ ಗೊತ್ತಾದ್ಮೇಲೆ ಇಟ್ಕೊಳ್ಳೋ ಹಾಗೇ ಇಲ್ಲ ಅಕ್ಕ. ಫ್ರೀಜರಲ್ಲಿರೋದನ್ನೂ ತೆಗೀಬೇಕು. ಬೇರೆಯವರಿಗೆ ಹೇಳ್ತೀನಿ, ನೀವು ಮನೆಗೆ ಹೋಗಿ."

"ಬೇಡ. ಅವರು ದಬಕ್ಕನೆ ಸುರೀತಾರೆ."

ಕೋಶ ಕೊಲ್ಲುವ ಬ್ಲೀಚನ್ನು ಯಾರೂ ಬೆಚ್ಚಗೆ ಮಾಡುವುದಿಲ್ಲ. ಅಕ್ಕ ಆ ಬಾಟಲಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಮೂವತ್ತೇಳು ಡಿಗ್ರಿಗೆ, ಮೈಯ ಬಿಸಿಗೆ, ಬರುವವರೆಗೂ ಕಾದಳು. ಆಮೇಲೆ ಪ್ಲೇಟಿನ ಅಂಚಿನಿಂದ ಮೆತ್ತಗೆ ಸುರಿದಳು.