ಆಮೇಲೆ ಮೇಡಂ
ಹಲ್ಲಿನ ಆಸ್ಪತ್ರೆಯ ಮೂಲೆ ಕೋಣೆಯಲ್ಲಿ ಕೂರುವ ಆಪ್ತಸಮಾಲೋಚಕಿಗೆ ಅಲ್ಲಿಯವರೆಲ್ಲ ಸೇರಿ ಇಟ್ಟ ಹೆಸರು ಆಮೇಲೆ ಮೇಡಂ. ಅಂದಕ್ಕೆಂದು ಹಲ್ಲು ತಿದ್ದಿಸಿಕೊಳ್ಳಲು ಬಂದವರು ಯಾರೇ ಇರಲಿ, ಡಾಕ್ಟರ ಕುರ್ಚಿ ಹತ್ತುವ ಮೊದಲು ಈ ಮೇಡಂ ಎದುರು ಕೂರಲೇಬೇಕು. "ನಾನು ಬಂದಿದ್ದು ಹಲ್ಲಿಗೆ, ತಲೆಗಲ್ಲ!" ಎಂದು ಉರಿದುಬೀಳುವವರಿಗೆ "ಗೊತ್ತು, ಮೊದ್ಲು ಕೂತ್ಕೊಳ್ಳಿ" ಎಂದು ಆಕಳಿಸುತ್ತಲೇ ಹೇಳುತ್ತಾರೆ, ಆ ಸಿಡುಕು ಕೇಳಿ ಕೇಳಿ ಮೇಡಂಗೂ ಸಾಕುಸಾಕಾಗಿದೆ. ಅವರದು ಒಂದೇ ಪ್ರಶ್ನೆ: "ಹಲ್ಲು ಮುತ್ತಿನ ಹಾಗಾಯ್ತು ಅಂತಿಟ್ಕೊಳ್ಳಿ. ಆಮೇಲೆ?" "ಆಮೇಲೇನು, ಬಾಯ್ತುಂಬ ನಗ್ತೀನಿ" ಎಂದವರನ್ನು ತಕ್ಷಣ ಒಳಗೆ ಕಳಿಸುತ್ತಾರೆ. "ಆಮೇಲೆ ನಮ್ಮೆಜಮಾನ್ರು ಮನೆಗೆ ವಾಪಸ್ ಬರ್ತಾರೆ" ಎಂದವರ ಮುಂದೆ ಮಾತ್ರ ನೀರಿನ ಲೋಟ ಸರಿಸಿ, ಊಟದ ಹೊತ್ತು ಮೀರಿದರೂ ಕೇಳುತ್ತಾ ಕೂತು, ಕೊನೆಗೆ "ಸದ್ಯಕ್ಕೆ ಹಲ್ಲು ಹಾಗೇ ಇರ್ಲಮ್ಮ" ಎನ್ನುತ್ತಾರೆ. "ಬಂದವರನ್ನೆಲ್ಲ ಓಡಿಸ್ತೀರಲ್ರೀ" ಎಂದು ಗೊಣಗುವ ಡಾಕ್ಟರು, "ಹೋಗ್ಲಿ, ನಿಮ್ಮ ಮುಂದಿನ ಸೊಟ್ಟ ಹಲ್ಲನ್ನಾದ್ರೂ ನೆಟ್ಟಗೆ ಮಾಡ್ಲಾ?" ಎಂದು ಕೇಳುವುದುಂಟು. ಮೇಡಂ ಸುಮ್ಮನೆ ತಲೆಯಾಡಿಸಿ ಬೇಡವೆನ್ನುತ್ತಾರೆ. ಅದು ಅಮ್ಮನಿಂದ ಬಂದ ಹಲ್ಲು. ಅಮ್ಮ ಅದಕ್ಕೆ ನಾಚಿ, ಸಾಯುವ ತನಕ ಅಂಗೈ ಅಡ್ಡ ಹಿಡಿದೇ ನಕ್ಕವಳು. ಮನೆಯಲ್ಲಿರುವ ಫೋಟೋದಲ್ಲೂ ತುಟಿ ಬಿಗಿದುಕೊಂಡೇ ಇದ್ದಾಳೆ. ಸಂಜೆ ಎಲ್ಲರೂ ಹೋದ ಮೇಲೆ ಮೇಡಂ ಕೈತೊಳೆಯುವ ಜಾಗದ ಕನ್ನಡಿ ಮುಂದೆ ನಿಂತು, ದಣಿದು ಜೋತುಬಿದ್ದ ಮುಖದಲ್ಲೇ ಆ ಹಲ್ಲು ಕಾಣುವ ಹಾಗೆ ಒಮ್ಮೆ ನಗುತ್ತಾರೆ. ಅಮ್ಮ ಅಂಗೈ ಅಡ್ಡ ಇಡದೆ ನಕ್ಕಿದ್ದನ್ನು ಅವರು ನೋಡಿರುವುದು ಆ ಕನ್ನಡಿಯಲ್ಲಿ ಮಾತ್ರ.