ಹೆಸರಿನ ಕೆಳಗಿನ ಕಪ್ಪು ಪಟ್ಟಿ

ಆನೇಮಹಲ್‌ನ ಕ್ಯಾಜಿಟನ್ ಸಕಲೇಶಪುರದಲ್ಲಿ ರುದ್ರಯ್ಯನ ವಾರಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಮೊಳೆಯ ಮೇಲಿನ ಉಲ್ಟಾ ಅಕ್ಷರವನ್ನು ಸಲೀಸಾಗಿ ಓದುತ್ತಿದ್ದ, ನೆಟ್ಟಗಿರುವುದಕ್ಕೇ ತಡವರಿಸುತ್ತಿದ್ದ. ತೊಂಬತ್ತೊಂದರಲ್ಲಿ ಯಾವನೋ ದರಿದ್ರ ಏಜೆಂಟ್ ಮಸ್ಕತ್ತಿನಲ್ಲಿ ಪೇಪರ್ ಕೆಲಸ ಎಂದು ವಿಮಾನ ಹತ್ತಿಸಿದ. ಅಲ್ಲಿ ನೋಡಿದರೆ ಪೇಪರಿನ ಕಟ್ಟು ಬಿಗಿಯುವ ಕೆಲಸ, ಅದೂ ಓದಲು ಬಾರದ ಅರಬ್ಬಿ ಪೇಪರು. ಎರಡೇ ವರ್ಷಕ್ಕೆ ಅದೂ ಹೋಯಿತು. ಬಹರೈನಿನಲ್ಲಿ ಮೀನಿಗೆ ಐಸ್ ಒಡೆದ, ಕುವೈತಿನಲ್ಲಿ ಆಸ್ಪತ್ರೆಯ ಚಾದರ ಒಗೆದ. ವೀಸಾದಲ್ಲಿ ಒಂದು ಕೆಲಸ, ಕೈಗೆ ಇನ್ನೊಂದು. ಎರಡು ಸಾವಿರದ ನಾಲ್ಕರಲ್ಲಿ ಊರಿಗೆ ಬಂದಾಗ, ಏನಾಗಿ ಹೋದವನು ಏನಾಗಿ ಬಂದೆ ಎಂಬುದೇ ಅವನಿಗೆ ಬಗೆಹರಿಯಲಿಲ್ಲ.

ಬಂದ ತಿಂಗಳಲ್ಲೇ ಮಗಳು ಡಯಾನಾಳ ಮದುವೆ ನಿಶ್ಚಯವಾಯಿತು. ಮಂಗಳೂರಿನ ಗಂಡಿನವರು, ಕಾರ್ಡಿನಲ್ಲಿ ತಂದೆಯ ಹೆಸರಿನ ಕೆಳಗೆ ಉದ್ಯೋಗ ಇರಲೇಬೇಕೆಂದು ಹೇಳಿ ಕಳಿಸಿದರು.

“ಗಲ್ಫ್ ಅಂತ ಹಾಕಿ, ಸಾಕು,” ಎಂದಳು ಹೆಂಡತಿ ಡೊರಿನ್.

“ಗಲ್ಫು ಕೆಲ್ಸವೇನೇ? ಅದು ಊರು!”

“ಹಂಗಾರೆ ಐಸ್ ಒಡೆಯೋನು ಅಂತ ಹಾಕ್ಸಿ. ಮಗಳ ಮಾನ ಹೋಗ್ಲಿ!”

ರುದ್ರಯ್ಯನ ಪತ್ರಿಕೆ ಅಷ್ಟರಲ್ಲಿ ಹಾಸನದ ಕಂಪ್ಯೂಟರಿಗೆ ಹೋಗಿತ್ತು. ಹಳೆ ಮೆಷಿನ್ನು ಮದುವೆ ಕಾರ್ಡಿಗೆ ಉಳಿದಿತ್ತು. ಮಗಳ ಕಾರ್ಡನ್ನು ತಾನೇ ಜೋಡಿಸುತ್ತೇನೆಂದು ಕ್ಯಾಜಿಟನ್ ಕೂತ. ಎಲ್ಲ ಸಾಲೂ ಮುಗಿದವು, ಉದ್ಯೋಗದ್ದೊಂದು ಬಿಟ್ಟು.

“ಏನ್ ಹಾಕ್ಲಿ ರುದ್ರಯ್ಯ? ನಾನು ಯಾರು?”

“ನನ್ನ ಕೇಳ್ತೀಯಲ್ಲೋ ಮಾರಾಯ! ಹದಿಮೂರು ವರ್ಷ ಎಲ್ಲಿ ಹಾಳಾಗೋಗಿದ್ಯೋ, ನಂಗೇನ್ ಗೊತ್ತೈತೆ?”

ಕ್ಯಾಜಿಟನ್‌ಗೆ ಮೈ ಉರಿದುಹೋಯಿತು. ಆ ಸಾಲಿಗೆ ಅಕ್ಷರವಿಲ್ಲದ ಸೀಸದ ತುಂಡುಗಳನ್ನು ತುಂಬಿದ. ಖಾಲಿ ಜಾಗಕ್ಕೆಂದೇ ಇರುವ ತುಂಡುಗಳವು. ಅಕ್ಷರಕ್ಕಿಂತ ಗಿಡ್ಡ, ಕಾಗದಕ್ಕೆ ತಾಗುವುದಿಲ್ಲ. ಅದೇ ಸಿಟ್ಟಿನಲ್ಲಿ ಚೌಕಟ್ಟನ್ನು ಅರೆಬರೆ ಬಿಗಿದ. ಮುನ್ನೂರು ಕಾರ್ಡನ್ನು ಒಂದೇ ಉಸಿರಿಗೆ ಒತ್ತಿ, ತಿರುಗಿಯೂ ನೋಡದೆ ಕಟ್ಟಿಕೊಂಡು ಬಂದ.

ಮನೆಯಲ್ಲಿ ಕಟ್ಟು ಬಿಚ್ಚಿದ ಡಯಾನಾ ಕೇಳಿದಳು: “ಪಪ್ಪಾ, ನಿಮ್ಮ ಹೆಸರಿನ ಕೆಳಗೆ ಇದೇನು ಕಪ್ಪು ಪಟ್ಟಿ? ಬರೆದು ಹೊಡೆದು ಹಾಕಿದ್ರಾ?”

ಕ್ಯಾಜಿಟನ್ ಕಾರ್ಡು ಕಸಿದುಕೊಂಡ. ತುಂಡುಗಳು ಮೇಲೆದ್ದು ಮಸಿ ಹಿಡಿದಿದ್ದವು. ಕೆಲಸ ಕಲಿಯುವಾಗ ಇದೇ ತಪ್ಪಿಗೆ ರುದ್ರಯ್ಯ ಅವನ ಮೇಲೆ ಟೀ ಲೋಟ ಎಸೆದಿದ್ದ.

“ಏನೂ ಬರ್ದಿಲ್ಲ ಕಣೇ. ಬಿಗಿ ಸಾಲ್ದೆ ತುಂಡು ಎದ್ಬುಟ್ಟವೆ. ಮೊಳೆ ಜೋಡ್ಸಿದ ಕಂಪೋಜಿಟರ್ ತಪ್ಪು.”

“ಯಾವ ಕಂಪೋಜಿಟರ್?”

“ಯಾವನು ಅಂದ್ರೆ? ನಾನೇ!” ಎಂದು ಗದರಿದವನು ಗಕ್ಕನೆ ನಿಂತ.

ಡೊರಿನ್ ಪೆನ್ನು ತಂದು ಮುಂದಿಟ್ಟಳು. “ಪಟ್ಟಿ ಪಕ್ಕ ಜಾಗ ಐತಲ್ಲ. ಕಂಪೋಜಿಟರ್ ಅಂತ್ಲೇ ಬರೀರಿ.”

“ಬರೀಲಾ? ಈಗ ಆ ಕೆಲ್ಸಾನೂ ಇಲ್ವಲ್ಲೇ…”

“ಬರೀರಿ ಅಂದ್ನಲ್ಲ!”

ಕ್ಯಾಜಿಟನ್ ಮೊದಲ ಕಾರ್ಡನ್ನು ಹತ್ತಿರ ಎಳೆದುಕೊಂಡ. ನೆಟ್ಟಗೆ ಬರೆಯುವುದು ಯಾವ ಕಡೆಯಿಂದ ಎಂದು ಒಂದು ಗಳಿಗೆ ಹೊಳೆಯಲೇ ಇಲ್ಲ.